ಬಾಗಿದ ಬೆನ್ನು, ಹಿಗ್ಗಿದ ಹೃದಯ

ಲೂರ್ದು ಮಾತೆಯ ಹಬ್ಬ, ವಿಶ್ವ ರೋಗಿಗಳ ದಿನ – ಫೆಬ್ರವರಿ 11
ಶುಭಸಂದೇಶ: ಲೂಕ 13:10-17



ಇಂದು ಲೂರ್ದು ಮಾತೆಯ ಹಬ್ಬ. ಸಂತ ಎರಡನೇ ಜಾನ್ ಪೌಲರು 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. 1993ರ ಫೆಬ್ರವರಿ 11ರಂದು ಅದರ ಮೊದಲ ಆಚರಣೆ ನಡೆಯಿತು. ಹಾಗಾದರೆ ಇಂದಿನ ಹಬ್ಬದ ಮುಖ್ಯ ಅತಿಥಿಗಳು ಯಾರು? ಗೋಡೆಗೆ ಒರಗಿ ಕುರ್ಚಿಯಲ್ಲಿ ಕುಳಿತಿರುವ ನಮ್ಮ ಅಜ್ಜ ಅಜ್ಜಿಯರು, ಮಾತ್ರೆಯ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಬಂದಿರುವ ತಾಯಂದಿರು, ಮಗನ ಹೆಗಲು ಹಿಡಿದು ಮೆಟ್ಟಿಲು ಹತ್ತಿದ ತಂದೆಯಂದಿರು. ನಿಮಗೆಲ್ಲ ಹಬ್ಬದ ಶುಭಾಶಯಗಳು.

ನಮ್ಮ ಸಿರುಗುಪ್ಪ ಸೀಮೆಯಲ್ಲಿ ಕಾಯಿಲೆ ಬಿದ್ದವರ ಪಾಡು ನಿಮಗೆ ಗೊತ್ತೇ ಇದೆ. ಭತ್ತದ ನಾಟಿ, ಕಳೆ, ಕೊಯ್ಲು ಎಂದು ಕೂಲಿ ಮಾಡಿ ಬದುಕುವ ಮನೆಯಲ್ಲಿ ಒಬ್ಬರು ಮಲಗಿದರೆ ಎರಡು ಕೂಲಿ ಹೋಗುತ್ತದೆ: ಮಲಗಿದವರದ್ದೊಂದು, ನೋಡಿಕೊಳ್ಳುವವರದ್ದೊಂದು. ದೊಡ್ಡ ಪರೀಕ್ಷೆ ಎಂದರೆ ರಾರಾವಿಯಿಂದ ಸಿರುಗುಪ್ಪಕ್ಕೆ, ಅಲ್ಲಿಂದ ಬಳ್ಳಾರಿಗೆ ಬಸ್ಸು ಹತ್ತಬೇಕು. ಡಯಾಲಿಸಿಸ್ ಆದರೆ ವಾರಕ್ಕೆ ಎರಡು ಮೂರು ಸಲ. ಇಷ್ಟೆಲ್ಲ ಸೋತವರು ಭಾನುವಾರ ಎದ್ದು, ಒಗೆದ ಬಟ್ಟೆ ಉಟ್ಟು ಬಲಿಪೂಜೆಗೆ ಬರುತ್ತಾರೆ. ಬರುವಾಗ ಅವರ ಮುಖದಲ್ಲಿ ಒಂದು ಕಳೆ ಇರುತ್ತದೆ. ಆ ಸಂತೋಷ ಎಲ್ಲಿಂದ ಬರುತ್ತದೆ? ಇಂದು ಇದನ್ನು ನಾವು ಧ್ಯಾನಿಸೋಣ.

ಇಂದಿನ ಶುಭಸಂದೇಶದಲ್ಲಿ ಒಬ್ಬ ಹೆಂಗಸು ಇದ್ದಾಳೆ. ಅವಳ ಹೆಸರು ನಮಗೆ ತಿಳಿಯದು. ಹದಿನೆಂಟು ವರ್ಷಗಳಿಂದ ಅವಳ ಬೆನ್ನು ಬಾಗಿದೆ. ನೆಟ್ಟಗೆ ನಿಲ್ಲಲು ಆಗುವುದೇ ಇಲ್ಲ. ನೆಲ ಕಾಣುತ್ತದೆ, ಎದುರಿಗಿರುವವರ ಮುಖ ಕಾಣುವುದಿಲ್ಲ. ಆದರೂ ಸಬ್ಬತ್ ದಿನ ಅವಳು ಎಲ್ಲಿದ್ದಳು? ಪ್ರಾರ್ಥನಾಮಂದಿರದಲ್ಲಿ. ಅವಳು ಯೇಸುಸ್ವಾಮಿಯನ್ನು ಕೂಗಿ ಕರೆದಳೆಂದು ಲೂಕ ಬರೆಯುವುದಿಲ್ಲ. ತನ್ನನ್ನು ಗುಣಪಡಿಸೆಂದು ಕೇಳಿದಳೆಂದೂ ಬರೆಯುವುದಿಲ್ಲ. ಯೇಸುಸ್ವಾಮಿಯೇ ಅವಳನ್ನು ನೋಡಿದರು, ಹತ್ತಿರ ಕರೆದರು, ಅವಳ ಮೇಲೆ ಕೈಯಿಟ್ಟರು. ಸಭೆಯ ಅಧ್ಯಕ್ಷ ಆಕ್ಷೇಪಿಸಿದಾಗ, ಇವಳು ಅಬ್ರಹಾಮನ ಮಗಳು ಎಂದು ಎಲ್ಲರ ಮುಂದೆ ಹೇಳಿದರು.

ಗಮನಿಸಿ. ಬೆನ್ನು ನೆಟ್ಟಗಾದ ಮೇಲೆ ಅವಳು ಅಬ್ರಹಾಮನ ಮಗಳಾದಳೇ? ಇಲ್ಲ. ಬೆನ್ನು ಬಾಗಿದ್ದಾಗಲೂ ಅವಳು ಮಗಳೇ. ತವರಿಗೆ ಬರುವ ಮಗಳಿಗೆ, ನೀನು ಆರೋಗ್ಯವಾಗಿದ್ದರೆ ಮಾತ್ರ ಬಾ ಎಂದು ಯಾವ ತಾಯಿ ಹೇಳುತ್ತಾಳೆ? ಕಾಯಿಲೆಯ ಮಗಳಿಗೇ ತವರಿನಲ್ಲಿ ಮೊದಲ ಚಾಪೆ. ದೇವಾಲಯಕ್ಕೆ ಬರುವ ರೋಗಿಯ ಸಂತೋಷದ ಗುಟ್ಟು ಇದೇ. ಆಸ್ಪತ್ರೆಯಲ್ಲಿ ಅವರು ಒಂದು ಹಾಸಿಗೆಯ ನಂಬರು, ಒಂದು ಚೀಟಿ, ಒಂದು ಕಾಯಿಲೆಯ ಹೆಸರು. ಇಲ್ಲಿ ಅವರು ಮಗಳು, ಮಗ.

ಪ್ರಿಯರೇ, ಲೂರ್ದಿನ ಕಥೆ ನಮಗೆ ಇದನ್ನೇ ಕಲಿಸುತ್ತದೆ. 1858ರಲ್ಲಿ, ಫೆಬ್ರವರಿ 11ರಿಂದ ಜುಲೈ 16ರವರೆಗೆ, ಹದಿನೆಂಟು ಬಾರಿ ಮಾತೆ ಮರಿಯಮ್ಮನವರು ಬಡವರ ಮನೆಯ ಹುಡುಗಿ ಬರ್ನದೆತ್ತಳಿಗೆ ದರ್ಶನವಿತ್ತರು. ಆ ಗವಿಯ ಬಳಿ ಚಿಮ್ಮಿದ ಒರತೆಯ ನೀರಿಗಾಗಿ ಇಂದಿಗೂ ವರ್ಷವರ್ಷವೂ ಲಕ್ಷಾಂತರ ಜನ ಹೋಗುತ್ತಾರೆ. ಗುಣವಾಯಿತೆಂದು ಹೇಳುವವರನ್ನು ಪರಿಶೀಲಿಸಲು 1883ರಿಂದ ಅಲ್ಲಿ ವೈದ್ಯರ ಕಚೇರಿಯೇ ಇದೆ. ಇಷ್ಟು ಕಾಲದಲ್ಲಿ ಧರ್ಮಸಭೆಯು ಪವಾಡವೆಂದು ಒಪ್ಪಿಕೊಂಡಿರುವ ಸ್ವಸ್ಥತೆಗಳು ಎಷ್ಟು? ಎಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಉಳಿದ ಲಕ್ಷಾಂತರ ರೋಗಿಗಳು ತಮ್ಮ ಕಾಯಿಲೆಯೊಂದಿಗೇ ಊರಿಗೆ ಮರಳಿದರು. ಅವರು ಬರಿಗೈಯಲ್ಲಿ ಮರಳಿದರೇ? ಹಾಗಿದ್ದರೆ ಜನ ಎಂದೋ ಹೋಗುವುದನ್ನು ಬಿಡುತ್ತಿದ್ದರು. ಅಲ್ಲಿ ತಳ್ಳುಕುರ್ಚಿಯಲ್ಲಿ ಕುಳಿತವರಿಗೆ ಮೆರವಣಿಗೆಯಲ್ಲಿ ಮುಂದಿನ ಸ್ಥಾನ. ಆರೋಗ್ಯವಂತರೇ ಅವರ ಸೇವಕರು. ಸಂತ ಎರಡನೇ ಜಾನ್ ಪೌಲರು 2004ರ ಆಗಸ್ಟಿನಲ್ಲಿ ಅಲ್ಲಿಗೆ ಹೋದಾಗ ಸ್ವತಃ ರೋಗಿಯಾಗಿ, ರೋಗಿಗಳ ನಡುವೆ ಒಬ್ಬರಾಗಿ ಹೋದರು.

ಬರ್ನದೆತ್ತಳಿಗಾದರೂ ಗುಣವಾಯಿತೇ? ಇಲ್ಲ. ಬಾಲ್ಯದಿಂದಲೇ ಅವಳಿಗೆ ಆಸ್ತಮಾ. 1866ರಲ್ಲಿ ನೆವೇರ್ ಪಟ್ಟಣದ ಕನ್ಯಾಮಠ ಸೇರಿದಳು. ಅಲ್ಲಿ ರೋಗಿಗಳ ಆರೈಕೆ ಮಾಡಿದಳು, ಪೂಜಾವಸ್ತುಗಳನ್ನು ನೋಡಿಕೊಂಡಳು. ಕೊನೆಗೆ ಕ್ಷಯ ಅವಳ ಮಂಡಿಯ ಮೂಳೆಗೂ ಇಳಿಯಿತು. 1876ರಲ್ಲಿ ಲೂರ್ದಿನ ದೊಡ್ಡ ದೇವಾಲಯದ ಪ್ರತಿಷ್ಠೆ ನಡೆದಾಗ ಅವಳು ಹೋಗಲಿಲ್ಲ. ಬಿಳಿ ಪರದೆ ಕಟ್ಟಿದ ತನ್ನ ಹಾಸಿಗೆಯನ್ನೇ ಅವಳು ಬಿಳಿಯ ಪ್ರಾರ್ಥನಾಲಯ ಎಂದು ಕರೆಯುತ್ತಿದ್ದಳು. 1879ರಲ್ಲಿ, 35ನೇ ವಯಸ್ಸಿನಲ್ಲಿ ತೀರಿಕೊಂಡಳು. 1933ರಲ್ಲಿ ಧರ್ಮಸಭೆ ಅವಳನ್ನು ಸಂತಳೆಂದು ಘೋಷಿಸಿತು. ಕಾಯಿಲೆ ವಾಸಿಯಾಗದಿದ್ದರೆ ವಿಶ್ವಾಸ ಸಾಲದು ಎಂದು ಯಾರಾದರೂ ನಿಮಗೆ ಹೇಳಿದರೆ, ಬರ್ನದೆತ್ತಳ ಹೆಸರು ಹೇಳಿ. ಪ್ರಾರ್ಥನೆ ಮಾಡಿದ ಮೇಲೆ ಮಾತ್ರೆ ಏಕೆ ಎನ್ನುವವರ ಮಾತನ್ನೂ ಕೇಳಬೇಡಿ. ವೈದ್ಯರ ಕೈಯೂ ದೇವರು ಕೊಟ್ಟದ್ದೇ. ಮಾತ್ರೆ ನುಂಗಿ ಪೂಜೆಗೆ ಬನ್ನಿ. ಪೂಜೆ ಮುಗಿಸಿ ಹೋಗಿ ಮತ್ತೆ ಮಾತ್ರೆ ನುಂಗಿ.

ಆದರೆ ಬರಲಾಗದವರ ಗತಿ ಏನು? ಮಾರ್ಕನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದರು. ಬಾಗಿಲಲ್ಲಿ ಜಾಗವಿಲ್ಲದಿದ್ದರೆ ಮನೆಯ ಮಾಳಿಗೆಯನ್ನೇ ತೆಗೆದು ಇಳಿಸಿದರು. ನಮ್ಮ ಧರ್ಮಕೇಂದ್ರಕ್ಕೂ ಇಂಥ ನಾಲ್ವರು ಬೇಕು. ಹೊತ್ತು ತರಲು ಆಗದಿದ್ದರೆ ಯೇಸುಸ್ವಾಮಿಯೇ ಪರಮಪ್ರಸಾದದಲ್ಲಿ ಅವರ ಮಂಚದ ಬಳಿಗೆ ಬರುತ್ತಾರೆ. ದಯವಿಟ್ಟು ಗುರುಗಳಿಗೆ ಸುದ್ದಿ ಮುಟ್ಟಿಸಿ. ರೋಗಿಗಳ ಅಭ್ಯಂಗ ಎಂದೊಡನೆ ಹೆದರಬೇಡಿ. ಎಣ್ಣೆ ಹಚ್ಚಿದರೆ ಕೊನೆಗಾಲ ಬಂತು ಎಂಬ ಮಾತು ಇನ್ನೂ ನಮ್ಮ ಮನೆಗಳಲ್ಲಿದೆ. ಈ ಸಂಸ್ಕಾರ ಕೊನೆಯುಸಿರಿನವರಿಗೆ ಮಾತ್ರವಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟಪಡಿಸಿತು. ಬರ್ನದೆತ್ತಳು ಅದನ್ನು ಒಂದಕ್ಕಿಂತ ಹೆಚ್ಚು ಸಲ ಸ್ವೀಕರಿಸಿದಳು.

ಇನ್ನೊಂದು ಮಾತು ಆರೋಗ್ಯವಂತರಿಗೆ. ಕ್ಷಯಕ್ಕೆ ಮಾತ್ರೆ ನುಂಗುತ್ತಿದ್ದ ಒಬ್ಬ ಸಹೋದರರ ಮನೆಗೆ ಹೋಗಿದ್ದೆ. ಪೂಜೆಗೆ ಬರಬಹುದೆಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ಆದರೂ ಅವರು ಬಂದಿರಲಿಲ್ಲ. “ಫಾದರ್, ನಾನು ಬಂದು ಕುಂತ್ರ ಪಕ್ಕದಾಗ ಇದ್ದವ್ರು ಎದ್ದು ಹಿಂದಕ್ಕ ಹೋಗ್ತಾರ. ಕೆಮ್ಮಿಗಿಂತ ಅದಾ ಜಾಸ್ತಿ ನೋವು ನೋಡ್ರಿ” ಎಂದರು. ಸರಿಯಾಗಿ ಔಷಧಿ ತೆಗೆದುಕೊಂಡರೆ ಕೆಲವು ವಾರಗಳ ಮೇಲೆ ಕ್ಷಯ ಸಾಮಾನ್ಯವಾಗಿ ಇತರರಿಗೆ ಹರಡುವುದಿಲ್ಲ. ಆದರೆ ಭಯ ಹರಡುತ್ತಲೇ ಇರುತ್ತದೆ. ಮುಂದಿನ ಭಾನುವಾರ ಅವರು ಬಂದರು. ಹಿರಿಯರೊಬ್ಬರು ಯಾರೂ ಹೇಳದೆಯೇ ಹೋಗಿ ಅವರ ಪಕ್ಕದಲ್ಲಿ ಕುಳಿತರು, ಸಮಾಧಾನ ಹಂಚುವ ವೇಳೆ ಕೈ ಜೋಡಿಸಿ ನಕ್ಕರು. ನಾನು ಆ ದಿನ ಮಾಡಿದ ಪ್ರಬೋಧನೆ ಎಷ್ಟು ಜನರಿಗೆ ನೆನಪಿದೆಯೋ ಕಾಣೆ. ಆ ಹಿರಿಯರು ಕುಳಿತದ್ದೇ ಒಂದು ಪ್ರಬೋಧನೆ.

ಲೂಕನ ಶುಭಸಂದೇಶದಲ್ಲಿ ಆ ಹೆಂಗಸು ನೆಟ್ಟಗೆ ನಿಂತಾಗ ದೇವರನ್ನು ಸ್ತುತಿಸಿದಳು. ಕೊನೆಗೆ ಜನರೆಲ್ಲ ಸಂತೋಷಪಟ್ಟರು. ಒಬ್ಬಳ ಸಂತೋಷ ಇಡೀ ಸಭೆಯ ಸಂತೋಷವಾಯಿತು. ಹಾಗಾದರೆ ಈ ವಾರ ಪ್ರತಿ ಕುಟುಂಬ ಒಂದು ಕೆಲಸ ಮಾಡಲಿ. ನಿಮ್ಮ ಓಣಿಯಲ್ಲಿ ಪೂಜೆಗೆ ಬರುವುದನ್ನು ನಿಲ್ಲಿಸಿರುವ ರೋಗಿ ಯಾರೆಂದು ನೋಡಿ. ಅವರ ಮನೆಗೆ ಹೋಗಿ, ಒಂದು ಜಪಸರ ಹೇಳಿ. ಬರಲು ಆಗುವುದಾದರೆ ಗಾಡಿಯಲ್ಲಿ ಕರೆತನ್ನಿ. ಆಗದಿದ್ದರೆ ನನ್ನನ್ನು ಕರೆದೊಯ್ಯಿರಿ.

ರೋಗಿಗಳ ಆರೋಗ್ಯವಾದ ಮಾತೆ ಮರಿಯಮ್ಮನವರೇ, ನೋವಿನಲ್ಲಿರುವ ನಿಮ್ಮ ಮಕ್ಕಳ ಕೈ ಹಿಡಿಯಿರಿ. ಬಾಗಿದವರನ್ನು ನೋಡುವ ಕಣ್ಣನ್ನೂ, ಅವರ ಪಕ್ಕದಲ್ಲಿ ಕೂರುವ ಮನಸ್ಸನ್ನೂ ನಮಗೆ ನಿಮ್ಮ ಪುತ್ರರಿಂದ ಬೇಡಿ ಕೊಡಿಸಿರಿ. ಆಮೆನ್.