ಹಾಲಿಗೆ ಅಳತೆ ಉಂಟು, ನೀರಿಗೆ?

ಚಾಮರಾಜನಗರ ತಾಲ್ಲೂಕಿನ ಕುದೇರನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಜಿಲ್ಲೆಯ ಹಾಲು ಒಕ್ಕೂಟದ ಡೈರಿ ಇರುವ ಊರು ಅದು. ಸುತ್ತಲಿನ ಹಳ್ಳಿಗಳ ಹಾಲು ಅಲ್ಲಿಗೆ ಹೋಗಿ ಸೇರುತ್ತದೆ. ಹಾಗೆ ಸೇರುವ ಮೊದಲು ಏನೇನು ನಡೆಯುತ್ತದೆ ಎಂಬುದನ್ನು ನೆನಪು ಮಾಡಿಕೊಳ್ಳಿ. ಬೆಳಗ್ಗೆ ಮತ್ತು ಸಂಜೆ ಹಳ್ಳಿಯ ಸಂಘದ ಮುಂದೆ ಜನ ಕ್ಯಾನು ಹಿಡಿದು ಸಾಲುಗಟ್ಟುತ್ತಾರೆ. ಹಾಲು ಎಷ್ಟು ಲೀಟರು, ಅದರಲ್ಲಿ ಜಿಡ್ಡಿನ ಅಂಶ ಎಷ್ಟು, ನೀರು ಬೆರೆತಿದೆಯೇ ಎಂದು ಪರೀಕ್ಷಿಸಿ, ದಿನಾಂಕ ಹಾಕಿ ಬರೆದುಕೊಳ್ಳುತ್ತಾರೆ. “ನಮ್ಮ ಹಸುವಿನ ಹಾಲು ಬಹಳ ಚೆನ್ನಾಗಿದೆ” ಎಂದು ಬಾಯಿಮಾತಿನಲ್ಲಿ ಹೇಳಿದರೆ ಅಲ್ಲಿ ನಡೆಯುವುದಿಲ್ಲ.

ಈಗ ಒಂದು ಪ್ರಶ್ನೆ. ಆ ಹಸು ಕುಡಿದ ನೀರು ಎಲ್ಲಿಯದು? ಅದು ಭೂಮಿಯೊಳಗೆ ಎಷ್ಟು ಅಡಿ ಆಳದಲ್ಲಿದೆ? ಕಳೆದ ವರ್ಷ ಎಷ್ಟು ಆಳದಲ್ಲಿತ್ತು? ಅದರಲ್ಲಿ ಏನು ಕರಗಿದೆ? ನಿಮ್ಮ ಮನೆಯ ಯಾವ ಪುಸ್ತಕದಲ್ಲಾದರೂ ಇದನ್ನು ಬರೆದಿಟ್ಟಿದೆಯೇ? ಬಹುಮಟ್ಟಿಗೆ ಇರುವುದಿಲ್ಲ. ಬರೆಯದಿದ್ದುದನ್ನು ಅಳೆದು ಬರೆಯುವುದು, ಬರೆದುದನ್ನು ಹೋಲಿಸಿ ಕಾರಣ ಹುಡುಕುವುದು, ಇದೇ ಸಂಶೋಧನೆ. ಇದಕ್ಕೆ ನಿದರ್ಶನ ಹುಡುಕಿಕೊಂಡು ನೀವು ದೂರ ಹೋಗಬೇಕಾಗಿಲ್ಲ. ಇದೇ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಗೆ ಬನ್ನಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2001ರಲ್ಲಿ ಭಾರತ ಮತ್ತು ಫ್ರಾನ್ಸ್ ದೇಶಗಳ ವಿಜ್ಞಾನಿಗಳು ಕೂಡಿ ಜಲವಿಜ್ಞಾನದ ಒಂದು ಘಟಕವನ್ನು ಕಟ್ಟಿದರು. ಅವರು ಮೊದಲು ಆರಿಸಿಕೊಂಡದ್ದು ಬಂಡೀಪುರ ಕಾಡಿನೊಳಗಿನ ಮೂಲೆಹೊಳೆಯ ಒಂದು ಚಿಕ್ಕ ಜಲಾನಯನ ಪ್ರದೇಶವನ್ನು. ಬಿದ್ದ ಮಳೆಯೆಲ್ಲ ಹರಿದು ಒಂದೇ ಹಳ್ಳಕ್ಕೆ ಬಂದು ಸೇರುವಷ್ಟು ನೆಲವನ್ನು ಜಲಾನಯನ ಪ್ರದೇಶ ಎನ್ನುತ್ತೇವೆ. ಆಮೇಲೆ, 2009ರ ಸುಮಾರಿಗೆ, ಕಾಡಿನ ಆಚೆಗಿರುವ ಬೇರಂಬಾಡಿಯ ಜಲಾನಯನ ಪ್ರದೇಶವನ್ನು ಎತ್ತಿಕೊಂಡರು. ಇದರ ವಿಸ್ತೀರ್ಣ ಸುಮಾರು 84 ಚದರ ಕಿಲೋಮೀಟರು. ವರ್ಷದ ಮಳೆ ಸುಮಾರು 800 ಮಿಲಿಮೀಟರು. ಕಾಡಿನಲ್ಲಿ ನೀರೆತ್ತುವ ಪಂಪು ಇಲ್ಲ, ಗೊಬ್ಬರ ಇಲ್ಲ. ಬೇರಂಬಾಡಿಯಲ್ಲಿ ಎರಡೂ ಇವೆ. ಹೀಗೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮನುಷ್ಯನ ಕೈವಾಡ ಎಷ್ಟು ಎಂಬುದು ತಿಳಿಯುತ್ತದೆ.

ಈ ಭಾಗದ ನೆಲದಡಿ ಇರುವುದು ಗಟ್ಟಿ ಶಿಲೆ. ನೀರು ನಿಲ್ಲುವುದು ಶಿಥಿಲವಾದ ಮೇಲ್ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಹಿಂದೆ ತೆರೆದ ಬಾವಿಗಳಲ್ಲಿ ನೀರು ಸಿಗುತ್ತಿತ್ತು. ಕೊಳವೆಬಾವಿ, ಸಬ್‌ಮರ್ಸಿಬಲ್ ಪಂಪು ಬಂದ ಮೇಲೆ ಅರಿಸಿನ, ಬೆಳ್ಳುಳ್ಳಿ, ಬಾಳೆಯಂಥ ಬೆಳೆಗಳಿಗೆ ನೀರು ಒದಗಿತು. ಜೊತೆಗೆ ನೀರಿನ ಮಟ್ಟವೂ ಇಳಿಯಿತು. ಇಷ್ಟನ್ನು ಊರಿನ ಹಿರಿಯರೂ ಹೇಳಬಲ್ಲರು. ಆದರೆ ಆ ನೀರಿನ ಗುಣವೇ ಬದಲಾಗಿದೆಯೇ? ಇದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ.

ಸಂಶೋಧಕರು ಈ ಪ್ರದೇಶದ 200ಕ್ಕೂ ಹೆಚ್ಚು ಕೊಳವೆಬಾವಿಗಳನ್ನು ಗಮನಿಸಿದರು. ನೀರಿನ ಮಟ್ಟವನ್ನು ಅಳೆದರು, ಮಾದರಿಗಳಲ್ಲಿ ನೈಟ್ರೇಟ್ ಎಷ್ಟಿದೆ ಎಂದು ನೋಡಿದರು. ಬೆಳೆಗೆ ಹಾಕಿದ ಸಾರಜನಕದ ಗೊಬ್ಬರದಲ್ಲಿ ಬೇರು ಹೀರದೆ ಉಳಿದದ್ದು ನೈಟ್ರೇಟ್ ರೂಪದಲ್ಲಿ ನೀರಿನೊಡನೆ ಕೆಳಗಿಳಿಯುತ್ತದೆ. 2017ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಒಂದು ಲೀಟರು ನೀರಿನಲ್ಲಿ ಕೆಲವು ಬಾವಿಗಳಲ್ಲಿ ಕೇವಲ 1 ಮಿಲಿಗ್ರಾಂ ನೈಟ್ರೇಟ್, ಇನ್ನು ಕೆಲವೆಡೆ 360 ಮಿಲಿಗ್ರಾಂವರೆಗೆ! ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಒಪ್ಪಿರುವ ಮಿತಿ 45 ಮಿಲಿಗ್ರಾಂ. ಅಂದರೆ ಅದರ ಎಂಟು ಪಟ್ಟು.

ಇದರಿಂದ ಹೆಚ್ಚಿನ ಅಪಾಯ ಎಳೆಯ ಕೂಸುಗಳಿಗೆ. ನೈಟ್ರೇಟ್ ದೇಹದಲ್ಲಿ ನೈಟ್ರೈಟ್ ಆಗಿ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸುತ್ತದೆ, ಮಗು ನೀಲಿಗಟ್ಟಬಹುದು. ನೀರನ್ನು ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕುದಿಸಿದ ನೀರು ಎಲ್ಲ ದೋಷಕ್ಕೂ ಪರಿಹಾರ ಎಂದು ನಂಬಿದ ತಾಯಿಗೆ ಈ ಮಾತು ಗೊತ್ತಾಗಬೇಡವೇ?

ಇನ್ನು ಕಾರಣ. ಒಂದೇ ಊರಿನ ಸುತ್ತಮುತ್ತ ಒಂದು ಬಾವಿಗೂ ಇನ್ನೊಂದಕ್ಕೂ ಏಕಿಷ್ಟು ಅಂತರ? ಗೊಬ್ಬರದ ಲೆಕ್ಕ ಮಾತ್ರ ನೋಡಿದರೆ ಉತ್ತರ ಸಿಗುವುದಿಲ್ಲ. ನೀರಿನ ಮಟ್ಟದ ನಕ್ಷೆಯನ್ನೂ ಪಕ್ಕದಲ್ಲಿಟ್ಟಾಗ ಸುಳಿವು ಸಿಕ್ಕಿತು. ನೈಟ್ರೇಟ್ ಅತಿಯಾಗಿದ್ದ ಕಡೆ ನೀರು 30ರಿಂದ 60 ಮೀಟರು ಆಳಕ್ಕೆ ಇಳಿದಿತ್ತು, ಅಕ್ಕಪಕ್ಕಕ್ಕೆ ಹರಿಯುವ ಇಳಿಜಾರೂ ಅಲ್ಲಿರಲಿಲ್ಲ. ಹಾಗಾಗಿ ಅಳಿದುಳಿದ ಅದೇ ನೀರನ್ನು ಪಂಪು ಮೇಲೆತ್ತುತ್ತದೆ; ಹೊಲದಲ್ಲಿ ಅದು ಗೊಬ್ಬರವನ್ನು ಕರಗಿಸಿಕೊಳ್ಳುತ್ತದೆ; ಮತ್ತೆ ಕೆಳಗಿಳಿದು ಅದೇ ಜಾಗಕ್ಕೆ ಸೇರುತ್ತದೆ. ಒಂದೇ ಬಾನಿಯ ನೀರಿನಲ್ಲಿ ದಿನವೂ ಪಾತ್ರೆ ತೊಳೆದಂತೆ ಇದು. ಪಕ್ಕದಿಂದ ನೀರು ಹರಿದು ಬರುವ ಕಡೆ ನೈಟ್ರೇಟ್ ಅಷ್ಟು ಏರಿರಲಿಲ್ಲ.

ಇಲ್ಲಿಂದ ರೈತನಿಗೆ ಉಪಯೋಗದ ಒಂದು ಸಂಗತಿಯೂ ಹೊರಟಿತು. ಅಂಥ ನೀರನ್ನು ಹಾಯಿಸಿದರೆ, ನೈಟ್ರೇಟ್ ಅತಿ ಹೆಚ್ಚಿರುವ ಜಾಗಗಳಲ್ಲಿ ವರ್ಷಕ್ಕೆ ಹೆಕ್ಟೇರಿಗೆ 200 ಕಿಲೋಗ್ರಾಂವರೆಗೆ ಸಾರಜನಕ ನೀರಿನೊಡನೆಯೇ ಹೊಲಕ್ಕೆ ಸೇರುತ್ತದೆ. ಯೂರಿಯಾದಲ್ಲಿ ಸಾರಜನಕ ಶೇಕಡಾ 46. ಲೆಕ್ಕ ಹಾಕಿ ನೋಡಿ: 45 ಕಿಲೋ ತೂಕದ ಮೂಟೆಗಳಾದರೆ ಒಂಬತ್ತಕ್ಕೂ ಹೆಚ್ಚು! ಇದು ತಿಳಿಯದ ರೈತ ಅಂಗಡಿಯಿಂದ ಮತ್ತಷ್ಟು ಮೂಟೆ ತರುತ್ತಾನೆ. ಹಣವೂ ಹೋಯಿತು, ನೀರೂ ಕೆಟ್ಟಿತು.

ಹಾಗಾದರೆ “ಗೊಬ್ಬರ ಕಡಿಮೆ ಮಾಡಿ, ಪಂಪು ನಿಲ್ಲಿಸಿ” ಎಂದು ಎಲ್ಲರಿಗೂ ಒಂದೇ ಆಜ್ಞೆ ಹೊರಡಿಸಿದರೆ ಸಾಕೇ? ಇಲ್ಲಿ ಸಮಾಜವಿಜ್ಞಾನದ ಕೆಲಸ ಬರುತ್ತದೆ. ಇದೇ ಪ್ರದೇಶದ 684 ಕೃಷಿ ಕುಟುಂಬಗಳ ಸಮೀಕ್ಷೆ ನಡೆಯಿತು. ಜಮೀನು ಎಷ್ಟು, ಯಾವ ಬೆಳೆ, ನೀರಾವರಿ ಇದೆಯೇ, ಆದಾಯ ಹೇಗೆ ಎಂದು ಕೇಳಿದರು. 2017ರಲ್ಲಿಯೇ ಪ್ರಕಟವಾದ ಆ ಅಧ್ಯಯನ ಮೂರು ಬಗೆಯ ಹಿಡುವಳಿಗಳನ್ನು ಗುರುತಿಸಿತು: ಹಲವು ಬೆಳೆ ತೆಗೆಯುವ ದೊಡ್ಡ ಹಿಡುವಳಿ, ಮಳೆಯನ್ನೇ ನಂಬಿದ ಸಣ್ಣ, ಅತಿಸಣ್ಣ ಹಿಡುವಳಿ, ನೀರಾವರಿಯಿಂದ ಮಾರುಕಟ್ಟೆಗೆ ಬೆಳೆಯುವ ಸಣ್ಣ ಹಿಡುವಳಿ. ಮಳೆ ನಂಬಿದವನಿಗೆ ನಿಲ್ಲಿಸಲು ಪಂಪೇ ಇಲ್ಲ. ಸಣ್ಣ ನೀರಾವರಿಯವನಿಗೆ ಪಂಪು ನಿಂತರೆ ಆ ವರ್ಷದ ಜೀವನವೇ ನಿಂತಂತೆ. ಇದನ್ನು ಅರಿಯದ ಸಲಹೆ ಎಷ್ಟೇ ವೈಜ್ಞಾನಿಕವಾಗಿದ್ದರೂ ಹೊಲದ ಬದು ದಾಟುವುದಿಲ್ಲ.

ವಿದ್ಯಾರ್ಥಿಗಳೇ, ಒಂದು ಬಾವಿಯ ನೀರನ್ನು ತಿಳಿಯಲು ಎಷ್ಟು ಶಾಸ್ತ್ರಗಳು ಕೂಡಿದವು ನೋಡಿ. ಬಂಡೆಯ ಸ್ವರೂಪ ಹೇಳಲು ಭೂವಿಜ್ಞಾನ, ನೈಟ್ರೇಟ್ ಗುರುತಿಸಲು ರಸಾಯನಶಾಸ್ತ್ರ, ನೀರಿನ ಚಲನೆಯ ಲೆಕ್ಕಕ್ಕೆ ಎಂಜಿನಿಯರಿಂಗ್, ರೈತನ ನಿರ್ಧಾರ ಅರಿಯಲು ಅರ್ಥಶಾಸ್ತ್ರ ಮತ್ತು ಸಮಾಜಶಾಸ್ತ್ರ. ಮಣ್ಣಿನ ತೇವವನ್ನು ಉಪಗ್ರಹದಿಂದ ಅಂದಾಜು ಮಾಡುವ ಪ್ರಯೋಗವೂ ಇಲ್ಲಿ ನಡೆದಿದೆ. ಆದರೆ ಉಪಗ್ರಹ ಹೇಳಿದ್ದು ಸರಿಯೇ ಎಂದು ನೋಡಲು ಯಾರಾದರೂ ಹೊಲಕ್ಕಿಳಿದು ಮಣ್ಣನ್ನು ಅಳೆಯಲೇಬೇಕು. “ನಾನು ಕಲಾ ವಿಭಾಗ, ನನಗೆ ವಿಜ್ಞಾನವೇಕೆ?” ಎನ್ನುವವರೂ, “ನಾನು ಎಂಜಿನಿಯರು, ನನಗೆ ಊರಿನ ಕಥೆಯೇಕೆ?” ಎನ್ನುವವರೂ ಬೇರಂಬಾಡಿಯನ್ನು ನೆನೆಯಬೇಕು.

ಕೊನೆಗೆ, ನಿಮಗೊಂದು ಕೆಲಸ. ನಿಮ್ಮ ಊರಿನಲ್ಲಿ ನೀರಿರುವ ಒಂದು ತೆರೆದ ಬಾವಿಯನ್ನು ಆರಿಸಿಕೊಳ್ಳಿ. ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಬ್ಬರೇ ಹೋಗಬೇಡಿ, ಬಗ್ಗಿ ನೋಡಬೇಡಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೀರು ಎಷ್ಟು ಆಳದಲ್ಲಿದೆ ಎಂದು ತಿಂಗಳಿಗೊಮ್ಮೆ ಅದೇ ಜಾಗದಿಂದ ಅಳೆಯಿರಿ. ದಿನಾಂಕ ಬರೆಯಿರಿ. ಆ ತಿಂಗಳು ಮಳೆ ಬಂದಿತೇ, ಸುತ್ತ ಯಾವ ಬೆಳೆ ಇತ್ತು ಎಂಬುದನ್ನೂ ಬರೆಯಿರಿ. ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ, ಅವರ ಕಾಲದ ನೀರಿನ ಮಟ್ಟವನ್ನು ಬೇರೆ ಪುಟದಲ್ಲಿ ಬರೆಯಿರಿ. ನೆನಪನ್ನೂ ಅಳತೆಯನ್ನೂ ಬೆರೆಸಬೇಡಿ. ನೀವು ಅಂದುಕೊಂಡಂತೆ ಅಂಕಿ ಬರದಿದ್ದರೆ ಅದನ್ನು ಅಳಿಸಬೇಡಿ. ಒಂದು ಬಾವಿಯನ್ನು ನೋಡಿ ಇಡೀ ಊರಿನ ಮೇಲೆ ತೀರ್ಪು ಕೊಡಲೂ ಬೇಡಿ.

ಹಾಲಿನ ಪುಸ್ತಕದ ಪಕ್ಕದಲ್ಲಿ ನೀರಿನದೊಂದು ಪುಸ್ತಕವೂ ನಿಮ್ಮ ಮನೆಯ ಗೂಡಿನಲ್ಲಿ ಇರಲಿ. ಮೊದಲ ಪುಟ ಈ ತಿಂಗಳೇ ತುಂಬಲಿ.