ಗೇರ್ ಬಾಕ್ಸ್ ಇಳಿಸಿದ ಮೇಲೆ
(ತೋಟದ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ಈ ಸವೆದ ಕ್ಲಚ್ ಪ್ಲೇಟನ್ನು ಕೈಯಿಂದ ಕೈಗೆ ದಾಟಿಸಿ ನೋಡಿರಿ. ಹೆಂಗಸರೂ ನೋಡಬೇಕು. ಜೀಪಿನ ಕಂತಿಗೆಂದು ಸಂಬಳದಿಂದ ಹಣ ತೆಗೆದಿಡುವವರು ನೀವೇ ಅಲ್ಲವೇ? ರಿವೆಟ್ಟುಗಳ ತಲೆ ಬೆರಳಿಗೆ ತಗಲುತ್ತದೆ. ಲೈನಿಂಗ್ ಅಷ್ಟು ಸವೆದಿದೆ.

ನಮ್ಮ ಕಡೆ ಜೀಪು ಷೋಕಿಯ ಗಾಡಿಯಲ್ಲ. ದೇವಾಲ, ಪಂದಲೂರು, ಚೇರಂಬಾಡಿ ಕಡೆ ಎಷ್ಟೋ ಲೈನುಗಳ ಜನ ಬಸ್ಸು ಇಳಿದು ಮುಂದೆ ಮಣ್ಣುದಾರಿ ಹಿಡಿಯಬೇಕು. ಅಕ್ಕಿ ಮೂಟೆಯೂ ಜೀಪಿನಲ್ಲೇ, ಹೆರಿಗೆ ನೋವು ಬಂದ ತಾಯಿಯೂ ಜೀಪಿನಲ್ಲೇ. 1940ರ ದಶಕದ ಕೊನೆಯಲ್ಲಿ ಮಹೀಂದ್ರಾದವರು ವಿಲ್ಲೀಸ್ ಜೀಪು ಜೋಡಿಸತೊಡಗಿದರು. ಆ ವಂಶದ ಹಳೆಯ ಗಾಡಿಗಳನ್ನು ಕುರಿತೇ ಇಂದಿನ ಮಾತು.

ನಾವು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇವೆ. ಮೂರು ಮನೆಯವರು ಸೇರಿ ಕೊಂಡಿದ್ದ ಜೀಪು ನಮ್ಮಲ್ಲಿಗೆ ಬಂತು. ಕ್ಲಚ್ ಜಾರುತ್ತಿತ್ತು. ಅವರ ಕೈಯಲ್ಲಿ ಇದ್ದುದು ಪ್ಲೇಟಿನ ದುಡ್ಡು ಮಾತ್ರ. ಬೇರಿಂಗನ್ನು ಬೆರಳಲ್ಲಿ ತಿರುಗಿಸಿ ನೋಡಿದೆವು, ತಿರುಗಿತು. “ಇನ್ನೂ ಸ್ವಲ್ಪ ದಿನ ಬಾಳುತ್ತದೆ” ಎಂದು ಅದನ್ನೇ ಹಾಕಿ ಮುಚ್ಚಿದೆವು. ಒಂದೂವರೆ ತಿಂಗಳಾಗಿರಬೇಕು. ಗೂಡಲೂರಿನಿಂದ ನಡುವಟ್ಟಕ್ಕೆ ಏರುವ ಘಾಟಿಯಲ್ಲಿ ಬೇರಿಂಗ್ ಒಡೆಯಿತು. ಊಟಿಯ ಆಸ್ಪತ್ರೆಗೆಂದು ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಮಲಗಿದ್ದರು. ಪೆಡಲ್ ಒತ್ತಿದರೂ ಕ್ಲಚ್ ಬಿಡದು. ಡ್ರೈವರು ಜಾಣ, ಗೇರಿನಲ್ಲಿಟ್ಟೇ ಸ್ಟಾರ್ಟರ್ ತಿರುಗಿಸಿ ಒಂದೆರಡು ತಿರುವು ದಾಟಿಸಿದ. ಎದುರಿಗೆ ಲಾರಿ ಬಂತು, ನಿಲ್ಲಿಸಬೇಕಾಯಿತು. ಆ ಏರಿನಲ್ಲಿ ಮತ್ತೆ ಎಳೆಯುವ ಶಕ್ತಿ ಬ್ಯಾಟರಿಗೆ ಇರಲಿಲ್ಲ. ಅಜ್ಜಿಯನ್ನು ಬೇರೊಂದು ಗಾಡಿಗೆ ಎತ್ತಿ ಕೂರಿಸಿದರು. ಅವರು ಆಸ್ಪತ್ರೆ ಸೇರಿದರು, ಬದುಕಿದರು. ಎರಡನೆಯ ಸಲ ನಾವು ಕೂಲಿ ತೆಗೆದುಕೊಳ್ಳಲಿಲ್ಲ. ಆದರೆ ಆ ಮೂರು ಮನೆಗಳಿಗೆ ಹೋದ ಬಾಡಿಗೆಯನ್ನು ಯಾರು ಕೊಡುತ್ತಾರೆ?

ಕ್ಲಚ್ಚಿನ ಕೆಲಸ ಕಷ್ಟದ್ದೇನಲ್ಲ. ಎರಡು ಅಂಗೈಗಳ ನಡುವೆ ಒಂದು ತಟ್ಟೆ ಹಿಡಿದಿದ್ದೀರಿ ಎಂದುಕೊಳ್ಳಿರಿ. ಒಂದು ಅಂಗೈ ಇಂಜಿನ್ನಿನ ಫ್ಲೈವೀಲ್, ಇನ್ನೊಂದು ಪ್ರೆಶರ್ ಪ್ಲೇಟ್. ನಡುವಿನ ತಟ್ಟೆಯೇ ಕ್ಲಚ್ ಪ್ಲೇಟ್, ಅದು ಗೇರ್ ಬಾಕ್ಸಿನ ಶಾಫ್ಟಿನ ಹಲ್ಲುಗಳ ಮೇಲೆ ಕೂತಿರುತ್ತದೆ. ಕಾಲು ಒತ್ತಿದಾಗ ಬೇರಿಂಗ್ ಮುಂದೆ ಹೋಗಿ ಒಂದು ಅಂಗೈಯನ್ನು ಸಡಿಲಿಸುತ್ತದೆ. ಅರ್ಧ ಸಡಿಲವಾಗಿದ್ದರೆ ತಟ್ಟೆ ಉಜ್ಜಿಕೊಂಡು ಕಾಯುತ್ತದೆ. ಏರಿನಲ್ಲಿ ಬ್ರೇಕ್ ಹಾಕದೆ ಹಾಫ್ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸಿಕೊಂಡು ಮಾತಾಡುತ್ತೀರಲ್ಲ, ಆಗ ಬರುವ ಸುಟ್ಟ ವಾಸನೆ ಇದರದೇ.

ಈ ಮೂರು, ಅಂದರೆ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು, ಒಂದೇ ಗೂಡಿನಲ್ಲಿವೆ. ಗೂಡು ತೆರೆಯಬೇಕಾದರೆ ಗೇರ್ ಬಾಕ್ಸನ್ನೂ ಅದರ ಹಿಂದಿನ ಟ್ರಾನ್ಸ್‌ಫರ್ ಕೇಸನ್ನೂ ಇಳಿಸಬೇಕು. ಶ್ರಮವೆಲ್ಲ ಅಲ್ಲಿಯೇ. ಇಳಿಸಿದ ಮೇಲೆ ಒಂದನ್ನು ಹಾಕಿ ಎರಡನ್ನು ಬಿಡುವುದು ಉಳಿತಾಯವಲ್ಲ. ದುಡ್ಡು ಸಾಲದಿದ್ದರೆ, ಗಾಡಿ ಅಷ್ಟಿಷ್ಟು ಓಡುತ್ತಿದ್ದರೆ, ತಿಂಗಳು ತಡೆದು ಹಗುರವಾಗಿ ಓಡಿಸಿ ಮೂರನ್ನೂ ಕೊಳ್ಳಿರಿ ಎಂದೇ ಈಗ ನಾವು ಹೇಳುವುದು. ಅಷ್ಟರವರೆಗೆ ಘಾಟಿಗೆ ಮಾತ್ರ ಕೊಂಡುಹೋಗಬೇಡಿರಿ.

ಇನ್ನು ಇಳಿಸುವ ಮಾತು. ಇದನ್ನು ಕೆಲಸ ಕಲಿಯುವ ಹುಡುಗರು ಕಿವಿಗೊಟ್ಟು ಕೇಳಬೇಕು. ಹಳೆಯ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರಗಳಲ್ಲಿ ಇಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಡ್ರಮ್ಮಿನಲ್ಲಿದೆ. ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಶಾಫ್ಟ್ ಬಿಚ್ಚಿದ ಕ್ಷಣದಿಂದ ಹ್ಯಾಂಡ್ ಬ್ರೇಕ್ ಎಷ್ಟು ಎಳೆದಿದ್ದರೂ ಚಕ್ರ ಉರುಳುತ್ತದೆ, ಗೇರಿನಲ್ಲಿಟ್ಟರೂ ಉರುಳುತ್ತದೆ. ನಮ್ಮ ಬೆಟ್ಟದಲ್ಲಿ ಸಮನೆಲ ಎಲ್ಲಿದೆ? ನಮ್ಮ ಹುಡುಗನೊಬ್ಬ ಕೆಳಗೆ ಮಲಗಿ ನಾಲ್ಕನೆಯ ಬೋಲ್ಟ್ ಬಿಚ್ಚಿದ್ದ, ಜೀಪು ಮೆಲ್ಲನೆ ಹೊರಟೇಬಿಟ್ಟಿತು. ಎರಡು ಮೊಳ ಹೋಗಿ ಮಣ್ಣಿನ ದಿಣ್ಣೆಗೆ ತಗಲಿ ನಿಂತಿತು. ಮೊಣಕೈ ತರಚಿತು, ಅಷ್ಟೇ. ಆ ದಿನದಿಂದ ನಾಲ್ಕು ಚಕ್ರಕ್ಕೂ ಎರಡೂ ಕಡೆ ಕಲ್ಲು ಕೊಡದೆ ನಮ್ಮಲ್ಲಿ ಯಾರೂ ಕೆಳಗೆ ನುಸುಳುವುದಿಲ್ಲ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗಂತೂ ಹೋಗಲೇಬಾರದು.

ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶ ಸೇರಿದರೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲದು. ಗೂಡಿನೊಳಗಿನ ಕಪ್ಪು ಪುಡಿಯನ್ನು ಬಾಯಿಂದ ಊದಬೇಡಿರಿ, ಗಾಳಿ ಪಂಪಿನಿಂದಲೂ ಊದಬೇಡಿರಿ, ಒದ್ದೆ ಬಟ್ಟೆಯಿಂದ ಒರೆಸಿರಿ. ಚಿಕ್ಕ ಮಕ್ಕಳನ್ನು ದೂರ ಇಡಿರಿ.

ಪ್ಲೇಟು ಯಾಕೆ ಕೆಟ್ಟಿತೆಂದು ತಿಳಿಯದೆ ಹೊಸದು ಹಾಕುವುದು ವ್ಯರ್ಥ. ಒಳಗೆ ಎಣ್ಣೆ ಕಂಡರೆ ಮೂಸಿ ನೋಡಿರಿ. ಗಂಧಕದಂತೆ ನಾರುವ ಮಂದ ಎಣ್ಣೆ ಗೇರ್ ಬಾಕ್ಸಿನದು, ಕಪ್ಪಗಿನ ತೆಳು ಎಣ್ಣೆ ಇಂಜಿನ್ನಿನದು. ಯಾವ ಸೀಲ್ ಸೋರುತ್ತಿದೆಯೋ ಅದನ್ನು ಅಂದೇ ಬದಲಿಸಿರಿ. ಫ್ಲೈವೀಲ್ ನೀಲಿಗಟ್ಟಿದ್ದರೆ ಲೇತಿಗೆ ಕೊಡಿರಿ. ಫ್ಲೈವೀಲಿನ ನಡುವೆ ಗೇರ್ ಶಾಫ್ಟಿನ ತುದಿ ಕೂರುವ ಚಿಕ್ಕ ಬುಷ್ ಇದೆ, ಅದನ್ನು ಮರೆಯುವವರೇ ಹೆಚ್ಚು. ಹೊಸ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆಯಬಾರದು, ಒಳಗಿನ ಗ್ರೀಸ್ ಹೋಗುತ್ತದೆ.

ಕೂರಿಸುವಾಗ ಹಳೆಯ ಗೇರ್ ಶಾಫ್ಟ್ ಒಂದನ್ನು ತೂರಿಸಿ ಪ್ಲೇಟನ್ನು ನಡುಮಧ್ಯಕ್ಕೆ ತನ್ನಿರಿ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗೇರ್ ಬಾಕ್ಸನ್ನು ಎತ್ತಲು ಇಬ್ಬರಾದರೂ ಬೇಕು. ಅದರ ಭಾರ ಪ್ಲೇಟಿನ ಮೇಲೆ ತೂಗಿಬಿದ್ದರೆ ಹೊಸ ಪ್ಲೇಟು ಅಲ್ಲೇ ಬಾಗುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಎರಡು ತುಂಡುಗಳ ಬಾಣದ ಗುರುತು ಒಂದಕ್ಕೊಂದು ಎದುರಾಗಬೇಕು, ಇಲ್ಲದಿದ್ದರೆ ಗಾಡಿ ನಡುಗುತ್ತದೆ, ಕ್ರಾಸುಗಳು ಬೇಗ ಸಾಯುತ್ತವೆ. ಕೊನೆಗೆ ಪೆಡಲಿನಲ್ಲಿ ಸುಮಾರು ಒಂದು ಅಂಗುಲ ಸಡಿಲ ಇರಲಿ. ಲೈನಿಂಗ್ ಸವೆದಂತೆ ಈ ಸಡಿಲ ಕಡಿಮೆಯಾಗುತ್ತದೆ, ಆಗಾಗ ನೋಡುತ್ತಿರಬೇಕು.

ಡ್ರೈವರುಗಳಿಗೆ ಎರಡು ಮಾತು. ಕೆಸರಿನ ಏರಿನಲ್ಲಿ ಮೂಟೆ ಹೇರಿಕೊಂಡು ಹೊರಡುವಾಗ ಗಾಡಿ ನಿಲ್ಲಿಸಿ ಫೋರ್ ವೀಲಿನ ಲೋ ಗೇರ್ ಹಾಕಿರಿ. ಚಕ್ರಕ್ಕೆ ಸುಮಾರು ಎರಡೂವರೆ ಪಟ್ಟು ಬಲ ಬರುತ್ತದೆ, ಕ್ಲಚ್ ಉಜ್ಜುವುದು ತಪ್ಪುತ್ತದೆ. ಅದು ಮರ್ಯಾದೆಗೆ ಕಡಿಮೆ ಎಂದುಕೊಳ್ಳುವವರನ್ನು ನಾವು ಕಂಡಿದ್ದೇವೆ, ಅವರಿಂದಲೇ ನಮ್ಮ ಒಲೆ ಉರಿಯುತ್ತಿದೆ! ಒಣಗಿದ ಟಾರು ರಸ್ತೆಯಲ್ಲಿ ಮಾತ್ರ ಫೋರ್ ವೀಲ್ ಬೇಡ. ಊಟಿಯಿಂದ ಕಲ್ಲಟ್ಟಿಯ 36 ತಿರುವು ಇಳಿದು ಮಸಿನಗುಡಿಗೆ ಹೋಗುವಾಗ ಕ್ಲಚ್ ಒತ್ತಿಕೊಂಡು ಉರುಳಿಸಬೇಡಿರಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಇಂಜಿನ್ನು ಹಿಡಿಯದಿದ್ದರೆ ಭಾರವೆಲ್ಲ ಬ್ರೇಕಿನ ಮೇಲೆ, ಕಾದ ಬ್ರೇಕು ಕೈಕೊಡುತ್ತದೆ.

ಒಡೆದ ಆ ಬೇರಿಂಗನ್ನೂ ತಂದಿದ್ದೇವೆ, ಬಾಗಿಲ ಬಳಿಯ ಬೆಂಚಿನ ಮೇಲಿದೆ. ಪ್ಲೇಟನ್ನು ನೋಡಿ ಮುಗಿದವರು ಅದರ ಪಕ್ಕದಲ್ಲೇ ಇಟ್ಟುಬಿಡಿರಿ. ಎರಡನ್ನೂ ನಾವು ಷೆಡ್ಡಿಗೆ ತೆಗೆದುಕೊಂಡು ಹೋಗಬೇಕು. ಹೊಸ ಹುಡುಗನಿಗೆ ತೋರಿಸಲು ಬೇಕಾಗುತ್ತದೆ.