ಹದಿನಾರು ವರ್ಷಗಳ ಹಿಂದಿನ ವಿಷ

ಅಗಾಥಾ ಕ್ರಿಸ್ಟಿಯವರ ಪತ್ತೇದಾರಿ ಕಾದಂಬರಿಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ಪ್ರಶ್ನೆ ಬಂದಾಗ ಬಹುಮಂದಿ 1926ರ 'ರೋಜರ್ ಆಕ್ರಾಯ್ಡ್' ಕೃತಿಯನ್ನೋ 1934ರ 'ಓರಿಯೆಂಟ್ ಎಕ್ಸ್‌ಪ್ರೆಸ್' ಕೃತಿಯನ್ನೋ ಹೆಸರಿಸುವರು. ಅವುಗಳ ರಚನಾಚಾತುರ್ಯಕ್ಕೆ ತಲೆದೂಗುತ್ತಲೇ ನಾನು, 1942ರಲ್ಲಿ ಮೊದಲು ಬೆಳಕು ಕಂಡ 'ಫೈವ್ ಲಿಟ್ಲ್ ಪಿಗ್ಸ್' ಕಾದಂಬರಿಗೆ ಅಗ್ರಸ್ಥಾನವನ್ನು ಕೊಡುತ್ತೇನೆ.

ಚಿತ್ರಕಾರನಾದ ಪತಿಗೆ ವಿಷವಿಕ್ಕಿದಳೆಂಬ ಅಪರಾಧಕ್ಕಾಗಿ ದಂಡನೆಗೊಳಗಾಗಿ ಸೆರೆಮನೆಯಲ್ಲಿಯೇ ಅಸುನೀಗಿದ ಕ್ಯಾರೊಲೈನ್ ಕ್ರೇಲಳ ಮಗಳು, ಹದಿನಾರು ವರ್ಷಗಳ ತರುವಾಯ, ಪತ್ತೇದಾರ ಹರ್ಕ್ಯೂಲ್ ಪ್ವಾರೊನನ್ನು ಕಂಡು ಸತ್ಯವನ್ನು ಬೇಡುತ್ತಾಳೆ. ಹೆಜ್ಜೆಗುರುತಿಲ್ಲ, ರಕ್ತದ ಕಲೆಯಿಲ್ಲ. ಉಳಿದಿರುವುದು ಅಂದು ಅಲ್ಲಿದ್ದ ಐವರ ನೆನಪು. ಒಂದೇ ಘಟನೆಯನ್ನು ಐವರೂ ಬರೆದುಕೊಡುತ್ತಾರೆ. ಒಬ್ಬೊಬ್ಬರ ಬರಹದಲ್ಲಿಯೂ ಮೃತಳಾದ ಆ ಹೆಂಗಸು ಬೇರೆಯೇ ಆಗಿ ತೋರುತ್ತಾಳೆ.

ಆ ಐವರಲ್ಲೊಬ್ಬರಾದ, ಮನೆಯಲ್ಲಿದ್ದು ಪಾಠ ಹೇಳುತ್ತಿದ್ದ ಶಿಕ್ಷಕಿ ಮಿಸ್ ವಿಲಿಯಮ್ಸ್ ಕಂಡದ್ದಿಷ್ಟು: ಕ್ಯಾರೊಲೈನ್ ಬಿಯರ್ ಸೀಸೆಯನ್ನು ಕರವಸ್ತ್ರದಿಂದ ಒರೆಸಿ, ಸತ್ತ ಗಂಡನ ಬೆರಳುಗಳನ್ನು ಅದರ ಮೇಲೆ ಒತ್ತಿದಳು. ಇದಕ್ಕಿಂತ ದೃಢವಾದ ಸಾಕ್ಷ್ಯವುಂಟೆ? ಆದರೆ ವಿಷ ದೊರೆತದ್ದು ಲೋಟದಲ್ಲಿ, ಸೀಸೆಯಲ್ಲಲ್ಲ. ವಿಷವನ್ನು ಬೆರೆಸಿದವಳಾಗಿದ್ದರೆ ಅದೆಲ್ಲಿತ್ತೆಂಬುದನ್ನು ಆಕೆ ಅರಿಯದಿರುತ್ತಿರಲಿಲ್ಲ! ಪ್ರಥಮ ಮಹಾಯುದ್ಧದ ಕಾಲದಲ್ಲಿ ಟಾರ್ಕಿ ಪಟ್ಟಣದ ಆಸ್ಪತ್ರೆಯ ಔಷಧಶಾಲೆಯಲ್ಲಿ ದುಡಿದ ಲೇಖಕಿಗೆ ವಿಷಗಳ ಗುಣಧರ್ಮ ಚೆನ್ನಾಗಿ ತಿಳಿದಿತ್ತು. ಇಲ್ಲಿಯಾದರೋ ಆ ಜ್ಞಾನಕ್ಕಿಂತ ಮಿಗಿಲಾದ ಅಂತಃಕರಣವೊಂದು ಕೆಲಸಮಾಡಿದೆ. ತನಗೆ ಪ್ರಿಯವಾದ ಬೇರೊಂದು ಜೀವವೇ ಈ ಕೃತ್ಯವನ್ನೆಸಗಿತೆಂದು ನಂಬಿ, ಅದನ್ನು ಉಳಿಸಲೆಂದೇ ಕ್ಯಾರೊಲೈನ್ ಸೀಸೆಯನ್ನು ಒರೆಸಿದಳು, ನ್ಯಾಯಾಲಯದಲ್ಲಿ ಹೋರಾಡದೆ ದಂಡನೆಯನ್ನು ಬಹುಮಟ್ಟಿಗೆ ಶಾಂತಿಯಿಂದಲೇ ಸ್ವೀಕರಿಸಿದಳು. ನಿಜವಾದ ಕೊಲೆಗಾರರು ಯಾರೆಂಬುದನ್ನು ಓದುಗರು ಗ್ರಂಥದಿಂದಲೇ ತಿಳಿಯಲಿ.